ಲಕ್ಷದ ಸ್ಪೀಕರ್ ತರುವ ಮುಂಚೆ ಹಾಲ್‌ಗೆ ಟೇಪ್ ಹಿಡಿಯಿರಿ

ಮೈಸೂರಿನವರಿಗೆ ಒಳ್ಳೆ ಧ್ವನಿಯ ಹಂಬಲ ಹೊಸದೇನಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿ ಅದಕ್ಕೆ ಆಕಾಶವಾಣಿ ಅಂತ ಹೆಸರಿಟ್ಟ ಊರು ಇದು. ಜಯಚಾಮರಾಜೇಂದ್ರ ಒಡೆಯರು 1940ರ ದಶಕದಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರ ರೆಕಾರ್ಡಿಂಗ್‌ಗಳಿಗೆ ಕೈಯಿಂದ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಈ ಮಹಾರಾಜರಿಗೇ ಅರ್ಪಿಸಿದರು.

ಈಗ ಆ ಹಂಬಲ ಕುವೆಂಪುನಗರ, ಗೋಕುಲಂ, ವಿಜಯನಗರದ ಮನೆಗಳ ಹಾಲ್‌ಗಳಲ್ಲಿ ಇದೆ. ಮಂಡ್ಯದಿಂದಲೂ ಗೆಳೆಯರು ಫೋನ್ ಮಾಡಿ ವಿಚಾರಿಸುತ್ತಾರೆ. ಹತ್ತು ಹದಿನೈದು ವರ್ಷ ಹೋಮ್ ಥಿಯೇಟರ್ ಡಬ್ಬದಲ್ಲಿ ಹಾಡು ಕೇಳಿದವರಿಗೆ ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಎಲ್ಲರೂ ಮೊದಲು ಕೇಳುವುದು ಒಂದೇ: "ಯಾವ ಬ್ರ್ಯಾಂಡ್ ತಗೊಳ್ಲಿ?"

ನನ್ನ ಉತ್ತರವೂ ಯಾವಾಗಲೂ ಒಂದೇ. ನಿಮ್ಮ ಹಾಲ್ ಎಷ್ಟು ಅಡಿ ಇದೆ ಹೇಳಿ, ಬ್ರ್ಯಾಂಡ್ ವಿಷಯ ಆಮೇಲೆ ಮಾತಾಡೋಣ. ಬೇಸ್, ಅಂದರೆ ತಗ್ಗಿನ ಗುಡುಗುವ ಸದ್ದು, ನಿಮಗೆ ಹೇಗೆ ಕೇಳಿಸುತ್ತೆ ಅನ್ನುವುದನ್ನು ಸ್ಪೀಕರ್‌ಗಿಂತ ಜಾಸ್ತಿ ನಿಮ್ಮ ಗೋಡೆಗಳೇ ತೀರ್ಮಾನ ಮಾಡುತ್ತವೆ. ಅದಕ್ಕೇ ಈ ಲೇಖನದಲ್ಲಿ ಅಂಗಡಿ ಬಹಳ ತಡವಾಗಿ ಬರುತ್ತೆ.

ಮೊದಲ ಹೆಜ್ಜೆ: ಉದ್ದ, ಅಗಲ, ಎತ್ತರ

ಟೇಪ್ ತಗೊಂಡು ಹಾಲ್‌ನ ಮೂರೂ ಅಳತೆಗಳನ್ನು ಅಡಿಯಲ್ಲಿ ಬರೆದುಕೊಳ್ಳಿ. ಆಮೇಲೆ 565 ಅನ್ನುವ ಸಂಖ್ಯೆಯನ್ನು ಒಂದೊಂದು ಅಳತೆಯಿಂದಲೂ ಭಾಗಿಸಿ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತೆ. ಅದರ ಅರ್ಧ ಈ 565. ಬರುವ ಉತ್ತರ ಹರ್ಟ್ಜ್ ಲೆಕ್ಕದಲ್ಲಿರುತ್ತೆ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು. ಎದುರುಬದುರು ಗೋಡೆಗಳ ಮಧ್ಯೆ ಯಾವ ಸ್ವರ ಸಿಕ್ಕಿಹಾಕಿಕೊಂಡು ಊದಿಕೊಳ್ಳುತ್ತೆ ಅಂತ ಅದು ಹೇಳುತ್ತೆ. ಅದರ ಎರಡರಷ್ಟು, ಮೂರರಷ್ಟು ಇರುವ ಹರ್ಟ್ಜ್‌ಗಳೂ ಹೀಗೇ ಊದುತ್ತವೆ.

30-40ರ ಸೈಟಿನ ಮನೆಗಳಲ್ಲಿ ಸಿಗುವ ಒಂದು ಹಾಲ್ ತಗೊಳ್ಳೋಣ. ಡೈನಿಂಗ್ ಸೇರಿ ಉದ್ದ 20 ಅಡಿ, ಅಗಲ 10, ಎತ್ತರವೂ 10. ಅಗಲದಿಂದ 56 ಹರ್ಟ್ಜ್ ಬಂತು, ಎತ್ತರದಿಂದಲೂ 56. ಉದ್ದದಿಂದ 28 ಬಂತು, ಅದರ ಎರಡರಷ್ಟು ಮತ್ತೆ 56. ಮೂರು ಕಡೆಯಿಂದ ಒಂದೇ ಸ್ವರ! ಇಂಥ ಹಾಲ್‌ನಲ್ಲಿ ಹಾಡಿನ ಬೇಸ್ ಆ ಜಾಗಕ್ಕೆ ಬಂದಾಗಲೆಲ್ಲ ಶೋಕೇಸಿನ ಗಾಜು ನಡುಗುತ್ತೆ, ಅಕ್ಕಪಕ್ಕದ ಸ್ವರ ಬಂದಾಗ ಏನೂ ಇಲ್ಲದ ಹಾಗೆ ಇರುತ್ತೆ. ಇಲ್ಲಿಗೆ ನಾಲ್ಕಡಿ ಎತ್ತರದ, ಎರಡೆರಡು ವೂಫರ್ (ಬೇಸ್ ಕೊಡುವ ದೊಡ್ಡ ಕೋನ್) ಇರುವ ಟವರ್ ಸ್ಪೀಕರ್ ತಂದಿಟ್ಟರೆ ತೊಂದರೆಯನ್ನು ದುಡ್ಡು ಕೊಟ್ಟು ಕರೆತಂದ ಹಾಗೆ. ಅದೇ ಹಾಲ್ 17, 12, 10 ಅಡಿ ಇದ್ದರೆ ಸ್ವರಗಳು 33, 47, 56 ಅಂತ ಹರಡಿಕೊಳ್ಳುತ್ತವೆ, ಕಿವಿಗೆ ಅಷ್ಟು ಬಾಧೆ ಇಲ್ಲ.

ಇನ್ನೊಂದು ವಿಷಯ. ಅಮೆರಿಕದವರ ವಿಮರ್ಶೆ ವಿಡಿಯೊ ನೋಡಿ ಸ್ಪೀಕರ್ ಆರಿಸುವವರು ಬಹಳ ಜನ ಇದ್ದಾರೆ. ಅಲ್ಲಿನ ಮನೆಗಳ ಗೋಡೆ ಹೆಚ್ಚಾಗಿ ಮರದ ಚೌಕಟ್ಟಿಗೆ ತೆಳು ಹಲಗೆ ಹೊಡೆದದ್ದು. ಬೇಸ್‌ನಲ್ಲಿ ಒಂದು ಪಾಲು ಆ ಗೋಡೆಯ ಮೂಲಕ ಆಚೆ ಹೋಗಿಬಿಡುತ್ತೆ. ನಮ್ಮದು ಇಟ್ಟಿಗೆ, ಸಿಮೆಂಟು, ಆರ್‌ಸಿಸಿ ಮೋಲ್ಡು. ಬೇಸ್ ಹೋಗಲು ದಾರಿಯೇ ಇಲ್ಲ, ಒಳಗೇ ತಿರುಗುತ್ತೆ. ಹಾಗಾಗಿ ಅವರು "ಬೇಸ್ ಸ್ವಲ್ಪ ಕಡಿಮೆ" ಅಂದ ಸ್ಪೀಕರ್ ನಮ್ಮ ಮನೆಯಲ್ಲಿ ಹದವಾಗಿ ಕೇಳಿಸುವುದು ಉಂಟು. ಇದು ನಮಗೆ ಲಾಭ. ಚಿಕ್ಕ ಸ್ಪೀಕರ್‌ನಲ್ಲೇ ಕೆಲಸ ಆಗುತ್ತೆ.

ಹಳೇ ಅಗ್ರಹಾರದ ಹೆಂಚಿನ ಮನೆ ಇದ್ದವರ ಲೆಕ್ಕ ಬೇರೆ. ಇಳಿಜಾರು ಹೆಂಚಿನ ಮಾಡು, ಮರದ ಜಂತೆ, ತೆರೆದ ತೊಟ್ಟಿ ಇದ್ದರೆ ಬೇಸ್ ಅಷ್ಟು ಕಟ್ಟಿಕೊಳ್ಳುವುದಿಲ್ಲ. ಅಂಥ ಮನೆಗೆ ದೊಡ್ಡ ಸ್ಪೀಕರ್ ಒಗ್ಗುತ್ತೆ.

ಚಪ್ಪಾಳೆ ತಟ್ಟಿ ನೋಡಿ

ನೀವು ಕೂರುವ ಜಾಗದಲ್ಲಿ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಹಿಂದೆಯೇ ಟರ್ರ್ ಅಂತ ಲೋಹದ ಸದ್ದಿನ ಬಾಲ ಬಂತಾ? ವಿಟ್ರಿಫೈಡ್ ಟೈಲ್ಸು, ಗ್ರಾನೈಟು, ಖಾಲಿ ಗೋಡೆ, ಗಾಜಿನ ಕಿಟಕಿ ಇದ್ದಲ್ಲಿ ಬಂದೇ ಬರುತ್ತೆ. ಇಂಥ ಹಾಲ್‌ನಲ್ಲಿ ಎಷ್ಟು ದುಬಾರಿ ಟ್ವೀಟರ್ (ಎತ್ತರದ ಸ್ವರ ಕೊಡುವ ಚಿಕ್ಕ ಭಾಗ) ಆದರೂ ಕಿವಿಗೆ ಚುಚ್ಚುತ್ತೆ. ಜನ ಆಗ ಸ್ಪೀಕರ್ ಬೈಯುತ್ತಾರೆ, ಕೇಬಲ್ ಬದಲಾಯಿಸುತ್ತಾರೆ.

ಸ್ಪೀಕರ್‌ಗೂ ಕೂರುವ ಜಾಗಕ್ಕೂ ಮಧ್ಯದ ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿ. ಬರೀ ಜಮಖಾನ ಸಾಲದು, ತೀರಾ ತೆಳು. ಅದರ ಕೆಳಗೆ ಉಣ್ಣೆಯ ಕಂಬಳಿ ಎರಡು ಮಡಿಕೆ ಹಾಕಿದರೆ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತೆ. ಕಿಟಕಿಗೆ ನೆರಿಗೆ ಜಾಸ್ತಿ ಇರುವ ದಪ್ಪ ಪರದೆ ಹಾಕಿ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇಡಿ. ಬಾಗಿಲಿಲ್ಲದ ತೆರೆದ ಕಪಾಟಾದರೆ ಇನ್ನೂ ಒಳ್ಳೆಯದು.

ಪಕ್ಕದ ಗೋಡೆಯಲ್ಲಿ ಯಾವ ಜಾಗ ಮುಖ್ಯ ಅಂತ ತಿಳಿಯಲು ಕನ್ನಡಿ ಸಾಕು. ನೀವು ಕುಳಿತಿರಿ, ಮನೆಯವರು ಯಾರಾದರೂ ಗೋಡೆಯ ಉದ್ದಕ್ಕೂ ಕನ್ನಡಿ ಸರಿಸಲಿ. ಯಾವ ಜಾಗದಲ್ಲಿ ಸ್ಪೀಕರ್ ಕಾಣಿಸುತ್ತೋ ಸದ್ದು ಗೋಡೆಗೆ ಬಡಿದು ನಿಮ್ಮ ಕಡೆ ಬರುವುದು ಅಲ್ಲಿಂದಲೇ. ಅಲ್ಲಿ ಒಂದು ಹತ್ತಿಯ ಹಾಸಿಗೆ ಒರಗಿಸಿ ಅರ್ಧ ಗಂಟೆ ಹಾಡು ಕೇಳಿ. ಚೆನ್ನಾಗಿದೆ ಅನ್ನಿಸಿದರೆ ಆಮೇಲೆ ಅಂದವಾದ ಬಟ್ಟೆಯ ಪ್ಯಾನೆಲ್ ಮಾಡಿಸಿ.

ಹೊಸ ಸ್ಪೀಕರ್ ತರುವ ಮುಂಚೆ ಈ ಕೆಲಸ ಮುಗಿಸಿ. ಹಳೇ ಸ್ಪೀಕರ್ರೇ ಸುಧಾರಿಸಿದ ಹಾಗೆ ಕೇಳಿಸಬಹುದು. ಆಗ ಬಜೆಟ್ ಬಗ್ಗೆ ಇನ್ನೊಮ್ಮೆ ಯೋಚಿಸಲು ನಿಮಗೆ ಸಮಾಧಾನ ಇರುತ್ತೆ.

ಎಲ್ಲಿ ಇಡುತ್ತೀರಿ, ಮನೆಯವರು ಒಪ್ಪಿದ್ದಾರಾ

ಸ್ಪೀಕರ್ ಅನ್ನು ಹಿಂದಿನ ಗೋಡೆಯಿಂದ ಎರಡಡಿ ಆದರೂ ಮುಂದೆ ತರಲು ಆಗುತ್ತಾ? ನಮ್ಮ ಹಾಲ್‌ಗಳಲ್ಲಿ ಟಿವಿ ಯೂನಿಟ್, ದೇವರಮನೆ ಬಾಗಿಲು, ಮೆಟ್ಟಿಲು ಎಲ್ಲ ಒಂದೇ ಗೋಡೆಗೆ ಸೇರಿರುತ್ತವೆ. ಓಡಾಡುವ ದಾರಿಗೆ ಅಡ್ಡ ಇಟ್ಟರೆ ಎರಡು ದಿನ ಸಹಿಸಿಕೊಳ್ಳುತ್ತಾರೆ, ಮೂರನೇ ದಿನ ಅದು ಗೋಡೆಗೆ ಅಂಟಿರುತ್ತೆ. ಈ ಮಾತುಕತೆ ಮೊದಲೇ ಆಗಲಿ.

ಮುಂದೆ ತರಲು ಸಾಧ್ಯವೇ ಇಲ್ಲ ಅಂದರೆ ಹಿಂಭಾಗದಲ್ಲಿ ತೂತು, ಅಂದರೆ ಪೋರ್ಟ್, ಇರುವ ಸ್ಪೀಕರ್ ಬೇಡ. ಗೋಡೆ ಹತ್ತಿರ ಇದ್ದಷ್ಟೂ ಬೇಸ್ ಉಬ್ಬುತ್ತೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯದ್ದು ಅಥವಾ ಮುಂದೆ ಪೋರ್ಟ್ ಇರುವುದನ್ನು ನೋಡಿ. ಒಳಗೇ ಆಂಪ್ಲಿಫೈಯರ್ (ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್) ಇರುವ ಆಕ್ಟಿವ್ ಸ್ಪೀಕರ್‌ಗಳಲ್ಲಿ ಕೆಲವಕ್ಕೆ ಗೋಡೆಯ ದೂರಕ್ಕೆ ತಕ್ಕಂತೆ ಬೇಸ್ ತಗ್ಗಿಸುವ ಸೆಟ್ಟಿಂಗ್ ಇದೆ. ಚಿಕ್ಕ ಹಾಲ್‌ಗೆ ಅವು ಬಹಳ ಒಳ್ಳೆ ಆಯ್ಕೆ. ಬೇರೆ ಬೇರೆ ಪೆಟ್ಟಿಗೆಗಳನ್ನು ಸಾಲಾಗಿ ಇಡುವ ಗೋಜೂ ಇರುವುದಿಲ್ಲ.

12-15 ಅಡಿಯ ಹಾಲ್‌ಗೆ ನನ್ನ ಓಟು ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್‌ಗೆ. ಹೆಸರು ಬುಕ್‌ಶೆಲ್ಫ್ ಅಂತಿದ್ದರೂ ಕಪಾಟಿನೊಳಗೆ ತುರುಕಬೇಡಿ. ಒಂದೇ ಬೆಲೆಯ ಟವರ್‌ಗೂ ಬುಕ್‌ಶೆಲ್ಫ್‌ಗೂ ಹೋಲಿಸಿದರೆ, ಟವರ್‌ನಲ್ಲಿ ದುಡ್ಡಿನ ಒಂದು ಪಾಲು ಬರೀ ದೊಡ್ಡ ಪೆಟ್ಟಿಗೆಗೆ ಹೋಗಿರುತ್ತೆ.

ಬಜೆಟ್

ಕೈಯಲ್ಲಿ ಎರಡು ಲಕ್ಷ ಇದೆ ಅಂದುಕೊಳ್ಳಿ. ನಾನಾದರೆ ಒಂದು ಲಕ್ಷ ಸ್ಪೀಕರ್‌ಗೆ, ಐವತ್ತು ಅರವತ್ತು ಸಾವಿರ ಆಂಪ್ ಮತ್ತು ಸ್ಟ್ರೀಮರ್‌ಗೆ (ಇಂಟರ್ನೆಟ್ಟಿನ ಹಾಡನ್ನು ಆಂಪ್‌ಗೆ ಕೊಡುವ ಡಬ್ಬ), ಉಳಿದದ್ದು ಸ್ಟ್ಯಾಂಡು, ಕಾರ್ಪೆಟ್ಟು, ಪರದೆಗೆ ಇಡುತ್ತೇನೆ. ಕೇಬಲ್‌ಗೆ ಸಾವಿರಗಟ್ಟಲೆ ಸುರಿಯಬೇಡಿ. ನಮ್ಮ ಹಾಲ್‌ಗಳ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ತಂತಿ ಧಾರಾಳವಾಗಿ ಸಾಕು. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದರೂ ಮೀಟರ್ ಲೆಕ್ಕದಲ್ಲಿ ಸಿಗುತ್ತೆ.

ಕಾಗದದ ಮೇಲಿನ ಅಂಕಿ ಓದುವುದು

ಸ್ಪೀಕರ್ ಬಗ್ಗೆ ಕಂಪನಿ ಕೊಡುವ ವಿವರದ ಕಾಗದವನ್ನು ನಿಧಾನವಾಗಿ ಓದಿ, ಏಕೆಂದರೆ ಜಾಹೀರಾತು ಅಡಗಿರುವುದು ಇಲ್ಲೇ.

ಒಂದು ನಿಜವಾದ ಉದಾಹರಣೆ ಇಟ್ಟುಕೊಳ್ಳೋಣ. ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾ 2020ರಲ್ಲಿ ಬಂದ, ಬಹಳ ಹೆಸರಾದ ಚಿಕ್ಕ ಸ್ಪೀಕರ್. ಅದರ ಕಾಗದದಲ್ಲಿ ಎರಡು ಸಾಲು ಇದೆ. ಒಂದು ಕಡೆ 47 ಹರ್ಟ್ಜ್‌ನಿಂದ ಶುರು ಅಂತಿದೆ, ಇನ್ನೊಂದು ಕಡೆ 79 ಹರ್ಟ್ಜ್‌ನಿಂದ. ಎರಡೂ ನಿಜವೇ. 79ರವರೆಗೆ ಸದ್ದು ಹೆಚ್ಚುಕಡಿಮೆ ಸಮವಾಗಿ ಬರುತ್ತೆ, 3 ಡೆಸಿಬಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಒಳಗಿನ ಏರಿಳಿತ. 47ಕ್ಕೆ ಬರುವಷ್ಟರಲ್ಲಿ 6 ಡೆಸಿಬಲ್ ತಗ್ಗಿರುತ್ತೆ. ಕಂಪನಿ ಎರಡನ್ನೂ ಬರೆದಿರುವುದು ಪ್ರಾಮಾಣಿಕತೆ. ಎಷ್ಟು ಡೆಸಿಬಲ್ ತಗ್ಗಿದಾಗ ಅಂತ ಹೇಳದೆ ಸುಮ್ನೆ "35 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಅಂತ ಬರೆದಿದ್ದರೆ ಆ ಸಾಲಿಗೆ ಬೆಲೆ ಕೊಡಬೇಡಿ.

ಸೆನ್ಸಿಟಿವಿಟಿ ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತೆ ಅನ್ನುವುದು. ಮೆಟಾದ್ದು 85. ಮೂರು ಡೆಸಿಬಲ್ ಜಾಸ್ತಿ ಸದ್ದು ಬೇಕು ಅಂದರೆ ಎರಡರಷ್ಟು ವಾಟ್ ಬೇಕು. ಹಾಗಾಗಿ 88 ಡೆಸಿಬಲ್ ಸ್ಪೀಕರ್ 50 ವಾಟ್‌ನಲ್ಲಿ ಮಾಡುವ ಕೆಲಸಕ್ಕೆ 85ರದ್ದು 100 ವಾಟ್ ಕೇಳುತ್ತೆ. ಹೆದರಬೇಡಿ. ಹತ್ತು ಅಡಿ ದೂರದಲ್ಲಿ ಕುಳಿತವರಿಗೆ ಇಂಥ ಒಂದು ಜೋಡಿ ಒಂದೊಂದೇ ವಾಟ್‌ನಲ್ಲಿ ಸುಮಾರು 80 ಡೆಸಿಬಲ್ ಕೊಡುತ್ತೆ. ಮನೆಗೆ ಅದೇ ಜೋರು. ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಥಟ್ಟನೆ ಏರಿದಾಗ ಮಾತ್ರ ಮೂವತ್ತು ನಲವತ್ತು ವಾಟ್ ಬೇಕಾಗುತ್ತೆ. ಒಳ್ಳೆಯ 60-80 ವಾಟ್ ಆಂಪ್ ಬಹಳ ಮನೆಗಳಿಗೆ ಸಾಕು.

ಓಮ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಅದರ ಲೆಕ್ಕದಲ್ಲೂ ಒಂದು ಒಳಗುಟ್ಟು ಇದೆ. ಮೆಟಾ ಮೇಲೆ 8 ಓಮ್ಸ್ ಅಂತ ಬರೆದಿದ್ದರೂ ಕೆಲವು ಸ್ವರಗಳಲ್ಲಿ ಅದು 3.5ಕ್ಕೆ ಇಳಿಯುತ್ತೆ. ಆಗ ಆಂಪ್ ಮೇಲೆ ಹೊರೆ ಜಾಸ್ತಿ. ಕಾಗದದಲ್ಲಿ ಕನಿಷ್ಠ ಎಷ್ಟು ಅಂತ ಹುಡುಕಿ, ನಿಮ್ಮ ಆಂಪ್ 4 ಓಮ್ಸ್‌ಗೆ ಎಷ್ಟು ವಾಟ್ ಕೊಡುತ್ತೆ ಅಂತ ನೋಡಿ. 4 ಓಮ್ಸ್ ವಿಷಯವೇ ಎತ್ತದ ಆಂಪ್ ಇದ್ದರೆ ಜೋಡಿ ಆಗುವುದು ಕಷ್ಟ. ಇನ್ನು ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಅನ್ನುವ ಉಬ್ಬಿಸಿದ ಅಂಕಿ) ಅಂತ ಸಾವಿರಗಟ್ಟಲೆ ವಾಟ್ ಬರೆದ ಡಬ್ಬವನ್ನು ತಿರುಗಿಯೂ ನೋಡಬೇಡಿ.

ಎಲ್ಲಕ್ಕಿಂತ ಉಪಯೋಗದ ಮಾಹಿತಿ ಗ್ರಾಫ್‌ಗಳಲ್ಲಿ ಇದೆ. ಸ್ಪೀಕರ್‌ನ ನೇರ ಎದುರು ಮತ್ತು ಅಕ್ಕಪಕ್ಕ ಎಲ್ಲ ಕೋನಗಳಿಂದ ಅಳೆದ ಸ್ಪಿನೊರಾಮ ಗ್ರಾಫ್ ಎಷ್ಟೋ ಮಾಡೆಲ್‌ಗಳಿಗೆ ಪುಕ್ಕಟೆ ಸಿಗುತ್ತೆ. ಧ್ವನಿ ವಿಜ್ಞಾನಿ ಫ್ಲಾಯ್ಡ್ ಟೂಲ್ ಕೆನಡಾದಲ್ಲೂ ಆಮೇಲೆ ಹರ್ಮನ್ ಕಂಪನಿಯಲ್ಲೂ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ್ದು ಇದನ್ನೇ: ಯಾವ ಸ್ಪೀಕರ್ ಅಂತ ಗೊತ್ತಿಲ್ಲದೆ ಕೇಳಿದಾಗ, ಎದುರಿನ ಗೆರೆ ಸಮವಾಗಿದ್ದು ಪಕ್ಕದ ಗೆರೆ ನಯವಾಗಿ ಇಳಿಯುವ ಸ್ಪೀಕರನ್ನೇ ಹೆಚ್ಚು ಜನ ಮೆಚ್ಚುತ್ತಾರೆ. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಇನ್ನೊಂದು ಪರೀಕ್ಷೆ ಮಾಡಿದರು. ಅದೇ ಜನ, ಅದೇ ಸ್ಪೀಕರ್‌ಗಳು. ಕಣ್ಣಿಗೆ ಕಂಡಾಗ ಕೊಟ್ಟ ಅಂಕವೇ ಬೇರೆ, ಪರದೆ ಹಿಂದೆ ಇಟ್ಟಾಗ ಕೊಟ್ಟ ಅಂಕವೇ ಬೇರೆ ಆಯಿತು. ಅಂಗಡಿಯಲ್ಲಿ ಹೊಳೆಯುವ ವಾಲ್‌ನಟ್ ಪೆಟ್ಟಿಗೆ ನೋಡಿದಾಗ ಇದು ನೆನಪಿರಲಿ.

ಗುಣ ನೋಡಿ ಪಟ್ಟಿ ಮಾಡಿ

ಈಗ ಬ್ರ್ಯಾಂಡ್ ಮಾತಾಡಬಹುದು. ಕೆಇಎಫ್‌ನಲ್ಲಿ ಟ್ವೀಟರ್ ವೂಫರ್‌ನ ಮಧ್ಯದಲ್ಲೇ ಕೂತಿರುತ್ತೆ, ಹಾಗಾಗಿ ಸೋಫಾದ ತುದಿಯಲ್ಲಿ ಕುಳಿತವರಿಗೂ ಹದ ಕೆಡುವುದಿಲ್ಲ. ಹಾರ್ಬೆತ್ ಬಿಬಿಸಿಯ ಹಳೇ ಪರಂಪರೆಯಿಂದ ಬಂದದ್ದು. 1977ರಲ್ಲಿ ಅದನ್ನು ಕಟ್ಟಿದವರು ಬಿಬಿಸಿಯಲ್ಲಿ ಎಂಜಿನಿಯರ್ ಆಗಿದ್ದ ಹಾರ್‌ವುಡ್. ಅದರಲ್ಲಿ ಮನುಷ್ಯರ ಕಂಠ ಬಹಳ ಸಹಜ. ಬರೀ ಕರ್ನಾಟಕ ಸಂಗೀತ ಕೇಳುವವರಿಗೆ ಬಜೆಟ್ ಇದ್ದರೆ ನಾನು ಮೊದಲು ಹೇಳುವುದು ಇದನ್ನೇ. ಕ್ಲಿಪ್ಶ್‌ನಲ್ಲಿ ಟ್ವೀಟರ್ ಮುಂದೆ ಕಹಳೆ ಬಾಯಿಯಂಥ ಹಾರ್ನ್ ಇದೆ, ಕಡಿಮೆ ವಾಟ್‌ನಲ್ಲಿ ಜೋರು ಸದ್ದು, ತಮಟೆ ಡೊಳ್ಳು ಎದುರೇ ಬಾರಿಸಿದ ಹಾಗೆ. ಆದರೆ ಟೈಲ್ಸ್ ಹಾಲ್‌ನಲ್ಲಿ ಹುಷಾರು. ಡೆನ್ಮಾರ್ಕಿನ ಡಾಲಿ, ಡೈನಾಡಿಯೊ ಕೂಡ ಕೇಳಿ ನೋಡಬೇಕಾದವು. ನಮ್ಮದೇ ಕೋಲ್ಕತ್ತದ ಸೋನೊಡೈನ್ ಅನ್ನು ದೇಶಿ ಅಂತ ಬದಿಗಿಡಬೇಡಿ, ಅವರ ಸ್ಟುಡಿಯೊ ಮಾನಿಟರ್‌ಗಳು (ರೆಕಾರ್ಡಿಂಗ್ ಸ್ಟುಡಿಯೊಗೆ ಮಾಡಿದ ಸ್ಪೀಕರ್‌ಗಳು) ಗಟ್ಟಿ ಕೆಲಸದವು.

ಮೂರೇ ಹೆಸರು ಪಟ್ಟಿಯಲ್ಲಿರಲಿ. ಎಂಟು ಹತ್ತು ಆದರೆ ತಲೆ ಕೆಡುತ್ತೆ.

ಕೇಳಲು ಹೋಗುವ ದಿನ

ದೊಡ್ಡ ಶೋರೂಮ್‌ಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡೇ ಹೋಗಿ. ವಾರದ ಮಧ್ಯದ ದಿನ ಬೆಳಿಗ್ಗೆ ಆದರೆ ಒಳ್ಳೆಯದು, ಬೇರೆ ಗಿರಾಕಿಗಳ ಗಲಾಟೆ ಇರುವುದಿಲ್ಲ. ಒಂದು ದಿನಕ್ಕೆ ಮೂರು ಜೋಡಿಗಿಂತ ಹೆಚ್ಚು ಕೇಳಿದರೆ ಕಿವಿ ಸೋಲುತ್ತೆ.

ಹಾಡು ನಿಮ್ಮದೇ ಇರಲಿ. ಅಂಗಡಿಯವರು ಹಾಕುವ ಗಿಟಾರ್, ಜಾಸ್ ತುಣುಕುಗಳು ಯಾವ ಸ್ಪೀಕರ್‌ನಲ್ಲೂ ಚೆನ್ನಾಗಿಯೇ ಕೇಳಿಸುತ್ತವೆ. ನೂರು ಸಲ ಕೇಳಿ ಬಾಯಿಪಾಠ ಆದ ಹಾಡುಗಳನ್ನೇ ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ.

ನಾನು ಯಾವಾಗಲೂ ಒಯ್ಯುವುದು ವೀಣೆ. ದೊರೆಸ್ವಾಮಿ ಅಯ್ಯಂಗಾರ್ ಅವರ ನುಡಿಸಾಣಿಕೆಯ ಒಂದು ರೆಕಾರ್ಡಿಂಗ್ ಇರಲಿ. ಮೊದಲು ಮೀಟು ಕೇಳಿ. ಬೆರಳು ತಂತಿಯನ್ನು ಬಿಟ್ಟ ಕ್ಷಣ ಸ್ಪಷ್ಟವಾಗಿರಬೇಕು, ಆದರೆ ಗಾಜು ಗೀರಿದ ಹಾಗೆ ಇರಬಾರದು. ಮೀಟಿನ ಹಿಂದೆಯೇ ಮರದ ಕೊಡದ ನಾದ ತುಂಬಿಕೊಳ್ಳಬೇಕು. ಆಮೇಲೆ ಎಡಗೈ ತಂತಿ ಎಳೆದು ಗಮಕ ತೆಗೆಯುತ್ತೆ, ಹೊಸ ಮೀಟಿಲ್ಲದೆ ಸ್ವರ ಜಾರುತ್ತಾ ಸಣ್ಣಗಾಗುತ್ತೆ. ಆ ಸಣ್ಣ ಬಾಲ ಎಲ್ಲಿಯವರೆಗೆ ಕೇಳಿಸಿತು ಅಂತ ಗಮನಿಸಿ. ಸಾಧಾರಣ ಸ್ಪೀಕರ್ ಅದನ್ನು ಅರ್ಧಕ್ಕೇ ಬಿಟ್ಟುಬಿಡುತ್ತೆ. ಒಳ್ಳೆಯದರಲ್ಲಿ ತಾಳದ ತಂತಿಯ ಸದ್ದು ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತೆ.

ಮೃದಂಗದ ಎಡಗಡೆಯ ಗುಮ್ಕಿಯಲ್ಲಿ (ಅಂಗೈ ಒತ್ತಿ ಜಾರಿಸುವ ಪೆಟ್ಟು) ಸ್ವರ ಏರುವುದು ತಿಳಿಯಬೇಕು. ಬರೀ ಧುಂ ಧುಂ ಅಂದರೆ ಬೇಸ್‌ನಲ್ಲಿ ಹಿಡಿತ ಇಲ್ಲ ಅಂತಲೇ. ಮಾತಿಗೆ ಯಾವುದಾದರೂ ಕನ್ನಡ ವಾರ್ತೆ ಹಾಕಿ. ಗಂಡು ಧ್ವನಿ ಕೊಡದೊಳಗಿಂದ ಬಂದ ಹಾಗಿದ್ದರೆ, 'ಸ', 'ಶ' ಅಕ್ಷರಗಳು ಸಿಳ್ಳೆ ಹೊಡೆದರೆ ಬೇಡ. ಸಿನಿಮಾ ಹಾಡು ಇಷ್ಟಪಡುವವರು ಎಪ್ಪತ್ತರ ದಶಕದ ಒಂದು, ಈಚಿನದೊಂದು ಒಯ್ಯಿರಿ. ಹಳೇ ಹಾಡನ್ನು ಕೇಳಲಾಗದಷ್ಟು ಬೆತ್ತಲೆ ಮಾಡುವ ಸ್ಪೀಕರ್ ಜೊತೆ ಬಾಳುವುದು ಕಷ್ಟ.

ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಒಂದೇ ಇರಬೇಕು. ಒಂದೆರಡು ಡೆಸಿಬಲ್ ಜೋರು ಇದ್ದದ್ದೇ ಕಿವಿಗೆ ಚೆನ್ನಾಗಿ ಕೇಳಿಸಿಬಿಡುತ್ತೆ. ಫೋನಿನಲ್ಲಿ ಸೌಂಡ್ ಮೀಟರ್ ಆಪ್ ಹಾಕಿಕೊಂಡು ಸಮ ಮಾಡಿಸಿ. ಅಂಗಡಿಯವರು ಬೇಸರ ಪಟ್ಟುಕೊಳ್ಳಲಿ, ದುಡ್ಡು ನಿಮ್ಮದು ಅಲ್ವಾ?

ಮನೆಗೆ ತಂದು ಎರಡು ದಿನ ಕೇಳಿ ನೋಡಲು ಕೊಡುತ್ತೀರಾ ಅಂತ ಕೇಳಿ. ಮುಂಗಡ ತಗೊಂಡು ಕೊಡುವವರು ಇದ್ದಾರೆ. ಕೊಡುವವರ ಹತ್ತಿರ ನಾಲ್ಕು ಸಾವಿರ ಜಾಸ್ತಿ ಆದರೂ ಅಲ್ಲೇ ಕೊಳ್ಳಿ. ಬಿಲ್ಲು ಅಧಿಕೃತ ಡೀಲರ್‌ದೇ ಇರಲಿ, ಇಲ್ಲದಿದ್ದರೆ ವಾರಂಟಿಗೆ ಅಲೆದಾಟ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಕೋನ್ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಹಳೇ ಫೋಮ್ ಅಂಚು ನಮ್ಮ ತೇವಕ್ಕೆ ಪುಡಿಯಾಗಿರುತ್ತೆ. ರಬ್ಬರ್ ಅಂಚಿನದು ಬಾಳಿಕೆ.

ಕೂರಿಸುವುದು

ಎರಡು ಸ್ಪೀಕರ್ ಮಧ್ಯೆ ಏಳು ಅಡಿ ಇದ್ದರೆ ನಿಮ್ಮ ಕುರ್ಚಿಯೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರಲಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು. ದಿವಾನ ತಗ್ಗು, ಸೋಫಾ ಎತ್ತರ, ಆದ್ದರಿಂದ ಕುಳಿತು ಅಳೆದೇ ಸ್ಟ್ಯಾಂಡ್ ಮಾಡಿಸಿ. ಒಳ್ಳೆ ವೆಲ್ಡಿಂಗ್ ಶಾಪ್‌ನವರು ಚೌಕ ಪೈಪ್‌ನಲ್ಲಿ ಮಾಡಿಕೊಡುತ್ತಾರೆ. ಒಳಗೆ ಒಣಗಿಸಿದ ಮರಳು ತುಂಬಿಸಿ. ಕೆಳಗೆ ಅಡುಗೆ ಕಟ್ಟೆಗೆ ಕತ್ತರಿಸಿ ಉಳಿದ ಗ್ರಾನೈಟ್ ತುಂಡು ಹಾಕಿದರೆ ಮಕ್ಕಳು ಓಡಾಡಿದರೂ ಅಲ್ಲಾಡುವುದಿಲ್ಲ.

ಆಂಪ್‌ನ ಕೆಂಪು ಸ್ಪೀಕರ್‌ನ ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಕಡೆ ಅದಲುಬದಲಾದರೆ ಬೇಸ್ ಮಾಯ, ಹಾಡುವವರು ಮಧ್ಯದಲ್ಲಿ ನಿಲ್ಲುವುದಿಲ್ಲ.

ಆಮೇಲೆ ಸ್ಪೀಕರನ್ನು ಹಿಂದೆ ಮುಂದೆ ಸರಿಸುವ ಕೆಲಸ. ಕುವೆಂಪುನಗರದ ಗೆಳೆಯರೊಬ್ಬರ ಹಾಲ್‌ನಲ್ಲಿ ಸೋಫಾ ಹಿಂದಿನ ಗೋಡೆಗೆ ಅಂಟಿತ್ತು, ಬೇಸ್ ವಿಪರೀತ. ಸ್ಪೀಕರ್ ಮುಟ್ಟದೆ ಸೋಫಾವನ್ನೇ ಎರಡಡಿ ಮುಂದೆ ಎಳೆದೆವು. ಗುಂಯ್‌ಗುಟ್ಟುವುದು ಅರ್ಧ ಇಳಿಯಿತು. ಒಂದೊಂದು ಗೇಣು ಸರಿಸಿ, ಒಂದೇ ಹಾಡು ಕೇಳಿ, ಸರಿ ಅನ್ನಿಸಿದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಮನೆ ಒರೆಸುವಾಗ ಸರಿಸಿದರೂ ಮತ್ತೆ ಅಲ್ಲೇ ಬರಬೇಕು. ಅಳತೆ ಇಷ್ಟಪಡುವವರಿಗೆ ರೂಮ್ ಇಕ್ಯೂ ವಿಝರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಒಂದು ಯುಎಸ್‌ಬಿ ಮೈಕ್ ಇದ್ದರೆ ಮೊದಲ ಹೆಜ್ಜೆಯಲ್ಲಿ ಲೆಕ್ಕ ಹಾಕಿದ ಸ್ವರಗಳು ಗ್ರಾಫ್‌ನಲ್ಲಿ ಗುಡ್ಡದ ಹಾಗೆ ಎದ್ದು ಕಾಣುತ್ತವೆ.

ಕರೆಂಟಿನ ವಿಷಯ: ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಆಗಿದ್ದರೆ ಆಂಪ್ ಗುಂಯ್ ಅನ್ನುತ್ತೆ. ಸೈನ್ ವೇವ್ ಇರಲಿ, ಇಲ್ಲವೇ ಆಂಪನ್ನು ಯುಪಿಎಸ್ ಲೈನಿಗೆ ಹಾಕಬೇಡಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ಪರೀಕ್ಷೆ ಮಾಡಿಸಿ. ಚಿಕ್ಕ ಮಕ್ಕಳಿದ್ದರೆ ಸ್ಪೀಕರ್ ಮುಂದಿನ ಗ್ರಿಲ್ ತೆಗೆಯಬೇಡಿ, ಟ್ವೀಟರ್‌ನ ಗುಂಡು ಕಂಡರೆ ಅವರ ಬೆರಳು ಅಲ್ಲಿಗೇ ಹೋಗುತ್ತೆ.

ಸಬ್‌ವೂಫರ್ (ಬೇಸ್‌ಗೆ ಮಾತ್ರ ಇರುವ ಬೇರೆ ಸ್ಪೀಕರ್) ಬೇಕಾ ಅನ್ನುವುದನ್ನು ಎರಡು ಮೂರು ತಿಂಗಳು ಕೇಳಿದ ಮೇಲೆ ಯೋಚಿಸಿ. ವೀಣೆ, ಗಾಯನ, ಹಳೇ ಹಾಡು ಇಷ್ಟಕ್ಕೇ ಆದರೆ ಬಹಳ ಮನೆಗಳಲ್ಲಿ ಬೇಕಾಗುವುದಿಲ್ಲ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್. ಅಂಥ ಸಂಗೀತ, ಸಿನಿಮಾ ಜಾಸ್ತಿ ಇದ್ದರೆ ಮುಚ್ಚಿದ ಪೆಟ್ಟಿಗೆಯ ಒಂದು ಸಬ್ ತಂದು, 80 ಹರ್ಟ್ಜ್‌ಗೆ ಕ್ರಾಸ್‌ಓವರ್ (ಸಬ್‌ಗೂ ಸ್ಪೀಕರ್‌ಗೂ ಸ್ವರ ಹಂಚುವ ಗಡಿ) ಇಟ್ಟು ಶುರು ಮಾಡಿ. ಅದನ್ನು ಎಲ್ಲಿಡುವುದು ಅಂತ ತಿಳಿಯಲು ನೀವು ಕೂರುವ ಜಾಗದಲ್ಲೇ ಸಬ್ ಇಟ್ಟು ಹಾಡು ಹಾಕಿ, ನೆಲದ ಮೇಲೆ ಬಗ್ಗಿ ಗೋಡೆ ಪಕ್ಕ ಸುತ್ತಿ ಬನ್ನಿ. ಎಲ್ಲಿ ಬೇಸ್ ಸಮವಾಗಿ ಕೇಳಿಸಿತೋ ಸಬ್ ಅಲ್ಲಿಗೆ ಹೋಗಲಿ. ಆ ಜಾಗದ ಹತ್ತಿರ ಪ್ಲಗ್ ಪಾಯಿಂಟ್ ಇದೆಯಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.